ಜಾಂಬೋಟಿ ಏರು, ಮತ್ತ ನಾ ಮಾರಿದ ಹಳೇ ಸೈಕಲ್ಲು

ಜಾಂಬೋಟಿ ಏರನ್ನ ಒಂದಽ ಕಾಲಿಲೆ ಪೆಡಲ್ ತುಳಕೋತ, ಇನ್ನೊಂದು ಕಾಲು ಹ್ಯಾಂಡಲ್ ಮ್ಯಾಲಿಟ್ಟು, ಬಾಯಾಗ ಎಲಿ ಅಡಿಕಿ ಹಾಕ್ಕೊಂಡು ಹತ್ತಿದಾಂವ ಈ ಭೂಮಿ ಮ್ಯಾಲೆ ನಾನೊಬ್ಬನಽ. ಹಿಂದ ಬರಾಕತ್ತಿದ್ದ ಬಸ್ಸಿನ ಡ್ರೈವರ್ ಗಾಡಿ ನಿಲ್ಲಿಸಿ ನನಗ ಕೈ ಮುಗದಿದ್ದ. ಆ ಡ್ರೈವರ್ ಹ್ವಾದ. ಟಿಕೀಟ ಹರೀತಿದ್ದ ಕಂಡಕ್ಟರ್ ಹ್ವಾದ. ಬಸ್ಸು ಗುಜರಿಗೆ ಹೋತು. ರೋಡಿನ ಬಾಜು ಎಮ್ಮಿ ಕಾಯ್ತಿದ್ದ ಮುದುಕಿ ಆಗಽ ಹೋಗೂ ಹಂಗ ಇದ್ಲು. ಕಣ್ಣಾರೆ ಕಂಡಾವ್ರೊಳಗ ಉಳದಿದ್ದಾಂವ ಒಬ್ಬನಽ, ಖವಾ ಮಾರತಿದ್ದ ನನ್ನ ದೋಸ್ತ. ಅಂವನೂ ಮೊನ್ನೆ ಕಣ್ಣ ಮುಚ್ಚಿದ. ಇನ್ನ ಇದನ್ನ ಸುಳ್ಳ ಅನ್ನಾಕ ಯಾರದಾರ್ರಿ?

ಇವತ್ತ ಅಂವನ ಗಣಾರಾಧನಿ. ಖಾನಾಪುರದಾಗ ಅಂವನ ಮಗಳ ಮನಿ ಮುಂದ ಪೆಂಡಾಲ್ ಹಾಕ್ಯಾರ. ಊಟ ಆಗೇತಿ. ಎಲ್ಲಾರ ಮಾರಿನೂ ಪಂಕ್ಚರ್ ಆದ ಟ್ಯೂಬಿನಂಗ ಇಳದಾವು. ಮಗಳು ಚಾ ಕೊಟ್ಟುಕೋತ ತಿರಗಾಡಾಕತ್ತಾಳ. ಸತ್ತಾವ್ರ ಮನ್ಯಾಗ ಬಾಯಿ ಮುಚ್ಚಿ ಕುಂದ್ರೂದು ನನಗ ಆಗೂದಿಲ್ಲ. "ಕಾಕಾ, ನೀವರ ಏನರ ಮಾತಾಡ್ರಿ, ಅಪ್ಪನ ಸುದ್ದಿ ಹೇಳ್ರಿ" ಅಂದ್ಲು. ಹಂಗಾಗಿ ಚಾಲೂ ಮಾಡಿದೆ.

ನಾ ಸಾಲಿ ಮೆಟ್ಟಲ ತುಳದಾಂವಲ್ಲ. ಅಕ್ಷರ ಕಲ್ತದ್ದು ಗಿರಾಕಿಗಳ ಹೆಸರು ಮಡ್‌ಗಾರ್ಡಿನ ಮ್ಯಾಲೆ ಬಣ್ಣದಾಗ ಬರಿಯೂ ಮುಂದ. ಬೆಳಗಾವ್ಯಾಗ ಖಾನಾಪುರ ರೋಡಿನ ಬಾಜು ನಂದೊಂದು ತಗಡಿನ ಅಂಗಡಿ ಇತ್ತು. ಹಳೇ ಸೈಕಲ್ ಕೊಳ್ಳೂದು, ಬಣ್ಣಾ ಬಡದು ಮಾರೂದು. ಹೊಸಾ ಸೈಕಲ್ ಮಾರಾವಗ ಬರೇ ಗಿರಾಕಿ ಬರ್ತಾರ. ಹಳೇವು ಮಾರಾವಗ ಇಂಥಾ ಪ್ರಸಂಗ ಬರ್ತಾವು. ಬ್ಯಾಡಂದ್ರೂ ಬರ್ತಾವು.

ಕಳ್ಳ ಬ್ಯಾಡಂದ ಸೈಕಲ್

ಒಂದಿನ ಹಿಂಡಲಗಾ ಜೇಲಿನಿಂದ ಬಿಡುಗಡಿ ಆದಾಂವ ಒಬ್ಬ, ಕೈಯಾಗ ಒಂದು ಗಂಟು ಹಿಡಕೊಂಡು ಸೀದಾ ನನ್ನ ಅಂಗಡಿಗೆ ಬಂದ. ಒಳಗಿದ್ದ ಸೈಕಲ್ ಎಲ್ಲಾ ನೋಡಕೋತ ಹ್ವಾದಾಂವ, ಮೂಲ್ಯಾಗಿನ ಒಂದು ಕರೇ ಸೈಕಲ್ ಮುಂದ ನಿಂತು ಅಲುಗಾಡಲಿಲ್ಲ.

"ಯಣ್ಣಾ, ಇದಽ ರೀ" ಅಂದ.

"ಏನು ಇದಽ?"

"ಇದನ್ನ ಕದ್ದದ್ದಕ್ಕಽ ನಾ ಒಳಗ ಹೋಗಿದ್ದೆ."

ಕಳುವಾದ ಸೈಕಲ್ ತಿರಗಿ ಸಿಕ್ಕ ಮ್ಯಾಲೆ ಅದರ ಮಾಲಕ ಅಪಶಕುನ ಅಂತ ನನಗ ಮಾರಿ ಹೋಗಿದ್ದ. ಈ ಮನಷ್ಯಾ ಸೀಟ ಸವರಿದ, ಹ್ಯಾಂಡಲ್ ಸವರಿದ, ಕಣ್ಣಾಗ ನೀರು ತಂದ. "ಆಗ ಭಾಳ ದೂರ ಹೊಡಿಯಾಕ ಬಿಡಲಿಲ್ಲ ರೀ. ಓಣಿ ತಿರವಿನ್ಯಾಗಽ ಹಿಡದ್ರು. ಈಗ ದುಡದು ಕೊಳ್ಳತೇನಿ. ಒಮ್ಮೆ ಹತ್ತಿ ನೋಡ್ಲಿ?"

ನೋಡು ಅಂದೆ. ಹತ್ತಿದ. ಪೀರನವಾಡಿ ಕಡೆ ಸ್ವಲ್ಪ ಹೊಡಕೊಂಡು ಹೋಗಿ ತಿರಗಿ ಬಂದ. ಸೈಕಲ್ ಗ್ವಾಡಿಗೆ ಆನಿಸಿದ. ನನ್ನ ಮೆಟ್ಟಲ ಮ್ಯಾಲೆ ಕುಂತು, ಎರಡೂ ಕೈಯಾಗ ತಲಿ ಹಿಡಕೊಂಡ.

"ಏನಾತೋ?"

"ಇಂಥಾ ಸೈಕಲ್ ಸಲುವಾಗಿ ನಾ ಜೇಲಿಗೆ ಹೋದ್ನೇನ್ರಿ?" ಅಂದು ಗಳಗಳ ಅತ್ತ.

ಅಂವಗ ಚಾ ಕುಡಿಸಿ ಕಳಿಸಿದೆ. ಅಂವ ಅತಗೋತ ಹೋಗೂದನ್ನ ನೋಡಕೋತ ಬಂದಾಂವ ನನ್ನ ಖವಾದ ದೋಸ್ತ. ಆಗ ಇನ್ನ ದೋಸ್ತ ಅಲ್ಲ, ಗಿರಾಕಿ. ಜಾಂಬೋಟಿ ಆಚೆ ಹಳ್ಳಿಯಾಂವ. ಮನ್ಯಾಗ ಎಮ್ಮಿ. ಹೆಂಡ್ತಿ ಬೆಳಗ ಆಗೂದ್ರಾಗ ಹಾಲು ಕುದಿಸಿ ಬತ್ತಿಸಿ ಖವಾ ಮಾಡಿ ಕೊಡ್ತಿದ್ಲು, ಇಂವ ಅದನ್ನ ಬುಟ್ಟ್ಯಾಗ ಎಲಿ ಹಾಸಿ ತುಂಬಕೊಂಡು ಬೆಳಗಾವಿಗೆ ಕುಂದಾ ಮಿಠಾಯಿ ಮಾಡೂ ಒಬ್ಬ ಅಂಗಡಿ ಸಾವ್ಕಾರಗ ಮುಟ್ಟಸ್ತಿದ್ದ. ಬಸ್ಸು ಒಂದಿನ ಬಂದ್ರ ಒಂದಿನ ಇಲ್ಲ. ಬಿಸಲು ಏರೂದ್ರಾಗ ಖವಾ ಮುಟ್ಟಲಿಲ್ಲಂದ್ರ ಹುಳಿ ಹಿಡೀತಿತ್ತು, ಸಾವ್ಕಾರ ಬುಟ್ಟಿ ಸುದ್ದಾ ಕೆಳಗ ಇಳಸಗೊಡ್ತಿದ್ದಿಲ್ಲ. ಆ ಮನಿ ನಿಂತದ್ದಽ ಆ ಬುಟ್ಟಿ ಮ್ಯಾಲೆ. ಸಾಲದ್ದಕ್ಕ ಇಂವಗ ದಮ್ಮು. ಏರು ಬಂತಂದ್ರ ಎದಿ ಸಂದ್ಯಾಗ ಪೀಪಿ ಊದಿಧಂಗ ಸಪ್ಪಳ.

"ಏರು ಹತ್ತೂ ಸೈಕಲ್ ಬೇಕ್ರಿ" ಅಂದ.

ಆ ಕರೇ ಸೈಕಲ್ ತೋರಿಸಿ, "ಇದಕ್ಕ ಜೀಂವಾ ಕೊಡೂ ಮಂದಿ ಅದಾರು. ಈಗ ಒಬ್ಬಾಂವ ಅತ್ತು ಹ್ವಾದ, ನೀನಽ ನೋಡಿದ್ಯಲ್ಲಾ" ಅಂದೆ.

ಖರೇನಽ ಹೇಳಿದೆ. ಕೊಂಡ.

ಬ್ರೇಕಿಗೆ ಲೈಸೆನ್ಸ್

ಆ ಸೈಕಲ್ ಏರು ಹತ್ತತಿದ್ದಿಲ್ಲ, ಅದನ್ನ ಇಂವನಽ ದಬ್ಬಿ ಹತ್ತಸ್ತಿದ್ದ. ಆದ್ರ ಇಳಿಯೂದ್ರಾಗ ಮಾತ್ರ ಅದರಂಥಾ ಸೈಕಲ್ ಇಲ್ಲ. ಬ್ರೇಕು ಹಿಡದ್ರೂ ಅಷ್ಟಽ, ಬಿಟ್ರೂ ಅಷ್ಟಽ.

ಜಾಂಬೋಟಿ ಕಡೆ ಮಂದಿಗೆ ಇದಕ್ಕೊಂದು ಉಪಾಯ ಗೊತ್ತಿತ್ತು. ಇಳಿಜಾರು ಬಂತಂದ್ರ ಒಂದು ಎಲಿ ಇದ್ದ ಟೊಂಗಿ ಮುರದು, ಹಗ್ಗಾ ಕಟ್ಟಿ ಸೈಕಲ್ ಹಿಂದ ಜಗ್ಗಾಕ ಬಿಡ್ತಿದ್ರು. ಟೊಂಗಿ ನೆಲಾ ಹಿಡಕೋತ ಬರತಿತ್ತು, ಸೈಕಲ್ ಸಾವಕಾಶ ಇಳೀತಿತ್ತು. ಅದಽ ಅವರ ಬ್ರೇಕು.

ಒಂದಿನ ಜಂಗಲದ ಗಾರ್ಡ ಅಡ್ಡ ಹಾಕಿದ.

"ಕಟಗಿ ಎಲ್ಲಿಗೆ ಒಯ್ಯಾಕತ್ತೀ?"

"ಕಟಗಿ ಅಲ್ರಿ ಸಾಹೇಬ್ರ, ಬ್ರೇಕ್ರಿ ಇದು."

"ಏನು?"

"ಬ್ರೇಕ್ರಿ. ಇದ ಇಲ್ಲಂದ್ರ ನಿಂದರೂದಿಲ್ಲ."

"ಸರಕಾರದ ಗಿಡದ ಬ್ರೇಕ್ ಹಚ್ಚಾಕ ಲೈಸೆನ್ಸ್ ಐತೇನು?"

ಇಂವನ ಕಡೆ ಎಲ್ಲಿ ಲೈಸೆನ್ಸ್ ಇರಬೇಕು? ಗಾರ್ಡ ಹಗ್ಗಾ ಬಿಚ್ಚಿದ, ಟೊಂಗಿ ಜಪ್ತಿ ಮಾಡಿದ, "ಹೋಗಿನ್ನ" ಅಂದ. ಹೋಗು ಅಂದ ಮ್ಯಾಲೆ ಹೋಗೂದ ಬಿಟ್ಟು ಗತಿ ಇರಲಿಲ್ಲ. ಸೈಕಲ್ಲಂತೂ ಕೇಳಾಕಽ ತಯಾರ ಇರಲಿಲ್ಲ. ಇಳಿಜಾರ ಇಳೀತು, ಒಂದು ಕೋಳಿ ಹಿಂಡಿನ್ಯಾಗಿಂದ ಹಾಯ್ತು, ಒಂದು ಮದಿವಿ ದಿಬ್ಬಣದಾಗಿಂದ ಹಾಯ್ತು. ಬಾಜಾ ಬಾರಸಾವ್ರು ಇಂವಗಽ ದಾರಿ ಬಿಟ್ಟು ಬಾರಿಸಿದ್ರಂತ. ಕಿಣಯೆ ದಾಟಿ ಸಪಾಟ ರೋಡ ಬಂದ್ರೂ ಇಂವ ಅಂಜಿ ಪೆಡಲ್ ತುಳಿಯೂದ ಬಿಡಲಿಲ್ಲ.

ಅವತ್ತ ಸಾವ್ಕಾರ ಅಂಗಡಿ ಬಾಗಲಾ ತಗಿಯಾಕತ್ತಿದ್ದ, ಅಷ್ಟರಾಗ ಇಂವ ಹಾಜರ್. ಸಾವ್ಕಾರ ಖವಾದಾಗ ಬೆರಳಿಟ್ಟು ಚಟ್ಟಂತ ತಗದ. "ಅಲ್ಲೋ, ಇನ್ನ ಬಿಸಿ ಐತಲ್ಲೋ! ಇಷ್ಟ ದಿನಾ ಹಿಂಗ ಯಾಕ ತರಲಿಲ್ಲ?"

ನನ್ನ ದೋಸ್ತ ಮಾರಿ ಒರಸಕೊಂಡು ಅಂದ: "ಬ್ರೇಕ್ ಹಾಕ್ಕೊಂಡು ಬರ್ತಿದ್ನಿ ರೀ."

ಮೂರು ಅಳಿಯಂದ್ರು

ಆ ದಿನದ ಮ್ಯಾಲೆ ಅಂವ ಕರೇ ಸೈಕಲ್ ಹತ್ತಾಕ ಒಲ್ಲೆ ಅಂದ. ಬ್ಯಾರೇದು ಬೇಕಾತು. ಅದೂ ಇತ್ತು ನನ್ನ ಕಡೆ.

ಬೀಡಿ ಅನ್ನೂ ಊರಾಗ ಒಬ್ಬ ಗೌಡ್ರಿದ್ರು. ಗಟ್ಟಿ ಕುಳಾ, ಮೂರು ಹೆಣಮಕ್ಕಳು. ಪೈಲೇ ಅಳಿಯಾಗ ಕೊಡಾಕ ನನ್ನ ಕಡೆ ಒಂದು ಹಸರ ಸೈಕಲ್ ಒಯ್ದ್ರು. ಅಳಿಯಾ ಹಬ್ಬಾ ಮುಗಿಯೂದ್ರಾಗ ತಂದು ನನಗಽ ಮಾರಿದ. ನಾ ನೀಲಿ ಬಣ್ಣಾ ಬಡದೆ. ಎರಡನೇ ಅಳಿಯಾಗ ಅಂತ ಗೌಡ್ರು ಅದನ್ನಽ ಒಯ್ದ್ರು. ಅಂವನೂ ತಂದು ಮಾರಿದ. ಕೆಂಪ ಬಡದೆ. ಮೂರನೇ ಸಲ ಗೌಡ್ರು ಬಂದಾಗ ನನಗಽ ನಾಚಿಕಿ ಆತು. ನನ್ನಂಥಾವಗ ನಾಚಿಕಿ ಅಂದ್ರ ತಿಳಕೋರಿ.

"ಗೌಡ್ರ, ಬ್ಯಾರೇದ ನೋಡ್ರಿ" ಅಂದೆ.

ಗೌಡ್ರು ಕೆಂಪ ಬಣ್ಣಾ ಉಗರಿಲೆ ಕೆರದ್ರು. ಕೆಳಗ ನೀಲಿ. ಇನ್ನಷ್ಟು ಕೆರದ್ರು. ಹಸರ. "ನನಗೇನು ಕಣ್ಣಿಲ್ಲೇನಪಾ?" ಅಂದ್ರು. "ಮಾವ ಕೊಟ್ಟದ್ದನ್ನ ಮಾರೂ ಅಳಿಯಾಗ ಹೊಸಾದ ಯಾಕ ಬೇಕು? ಇದು ದಾರಿ ಕಲ್ತೈತಿ, ತಾನಽ ನಿನ್ನ ಅಂಗಡಿಗೆ ಬರ್ತೈತಿ. ಕೊಡು."

ಕೊಟ್ಟೆ. ಬಂತು. ಮೂರನೇಯಾಂವ ಅದನ್ನ ಮಾರಾಕ ಬರೂ ಮುಂದ ತಾಳಿ ಕಟ್ಟಿದ ಕೈಯಾಗಿನ ಕಂಕಣ ಸುದ್ದಾ ಬಿಚ್ಚಿರಲಿಲ್ಲ.

ಅದನ್ನಽ ಖವಾದ ದೋಸ್ತಗ ತೋರಿಸಿದೆ. ಅಂವ ಸುತ್ತ ತಿರಗಿ ನೋಡಿ, "ಯಣ್ಣಾ, ಮೂರು ಮಂದಿ ಅಳಿಯಂದ್ರು ಪುಕ್ಕಟ ಸಿಕ್ರೂ ಬ್ಯಾಡಂದದ್ದನ್ನ ನಾ ಯಾಕ ರೊಕ್ಕಾ ಕೊಟ್ಟು ಒಯ್ಲಿ?" ಅಂದ.

"ಅವರು ಅಳಿಯಂದ್ರು, ಅವರಿಗೆ ಮೆಚ್ಚಗಿ ಆಗೂದಿಲ್ಲ. ನೀ ಬಡವಾ, ನಿನಗ ಆಗ್ತೈತಿ" ಅಂದೆ.

ಬೀಡಿ ಬಯಲ ನೆಲದ ಸೈಕಲ್ ಅದು. ಜಾಂಬೋಟಿ ಏರು ನೋಡಿದ ಕೂಡ್ಲೆ ಚೈನ್ ಉಚ್ಚಿ ಕೆಳಗ ಬೀಳತಿತ್ತು. ವರ್ಷಾನುಗಟ್ಟಲೆ ಇಂವ ಏರಿನ ತಳದಾಗ ಕುಂತು ಚೈನ್ ಹಾಕಿದ. ದಾರಿ ಮಂದಿ ಇಂವನ್ನ ನೋಡಿ ಅಲ್ಲೊಂದು ಸೈಕಲ್ ರಿಪೇರಿ ಅಂಗಡಿ ಆಗೇತಿ ಅಂತ ತಿಳದು, ತಮ್ಮ ಸೈಕಲ್ಲೂ ತಂದು ಮುಂದ ನಿಲ್ಲಸ್ತಿದ್ರು.

ಇಷ್ಟ ಹೇಳೂದ್ರಾಗ ಪೆಂಡಾಲಿನ್ಯಾಗ ಒಬ್ಬಿಬ್ರು ಮೂಗಿನ್ಯಾಗ ನಕ್ಕರು. ಮಗಳು ನಗಲಿಲ್ಲ. "ಅಪ್ಪನ ಅಂಗಿಗೆ ಚೈನಿನ ಕರೇ ಎಣ್ಣಿ ಯಾವತ್ತೂ ಇರತಿತ್ತು ಕಾಕಾ. ತೊಳದ್ರೂ ಹೋಗ್ತಿದ್ದಿಲ್ಲ. ಮೊನ್ನೆ ಅವ್ವ ಅದನ್ನಽ ನೋಡಕೋತ ಕುಂತಿದ್ಲು" ಅಂದ್ಲು. ನಾ ಚಾ ಕುಡದೆ.

ಗುಡ್ಡಾ ಹತ್ತೂ ಸೈಕಲ್

ಎಂಬತ್ತನೇ ಇಸವಿ ಆದ ಮ್ಯಾಲಿನ ಮಾತು. ಗೋವಾದಿಂದ ಘಟ್ಟಾ ಹತ್ತಿ ಒಬ್ಬ ಪರದೇಶದಾಂವ ನನ್ನ ಅಂಗಡಿ ಮುಂದ ಬಂದು ಬಿದ್ದ. ಇಳದ ಅನ್ನಂಗಿಲ್ಲ, ಬಿದ್ದ. ಹೊಟ್ಟಿ ಕೆಟ್ಟು ಹಳದಿ ಆಗಿದ್ದ. ನಮ್ಮನಿಯಾಕಿ ಇಂಗು ಹಾಕಿದ ಮಜ್ಜಿಗಿ ಕೊಟ್ಲು. ಕುಡದು, ಬೆಂಚಿನ ಮ್ಯಾಲೆ ಮಕ್ಕೊಂಡು ಎದ್ದ. ಎದ್ದಾಂವ ಸೈಕಲ್ ಕಡೆ ಬಟ್ಟ ತೋರಿಸಿದ, ನನ್ನ ಕಡೆ ತೋರಿಸಿದ, ಆಮ್ಯಾಲೆ ರೈಲ್ವೆ ಟೇಶನ್ ಕಡೆ ತೋರಿಸಿ ಕೈ ಮುಗದ. ಇನ್ನ ಈ ಜನ್ಮದಾಗ ಇದನ್ನ ಹತ್ತೂದಿಲ್ಲ ಅನ್ನೂದು ಯಾವ ಭಾಷಾದಾಗ ಹೇಳಿದ್ರೂ ತಿಳೀತೈತಿ. ಸೈಕಲ್ ಬಿಟ್ಟ, ನಮ್ಮನಿಯಾಕೀದು ಇಂಗಿನ ಡಬ್ಬಿ ಒಯ್ದ. ಅಕಿ ಮಾತ್ರ ಡಬ್ಬಿ ಹೋತು ಅಂತ ಭಾಳ ದಿನಾ ಮಾತಾಡಲಿಲ್ಲ.

ಏನ್ ಸೈಕಲ್ ಅಂತೀರಿ! ಟಾಯರ್ ಹೆಬ್ಬಾವಿನಂಗ ದಪ್ಪ, ಮೈ ತುಂಬ ಗಂಟು ಗಂಟು ಗುಬಟಿ. ಹ್ಯಾಂಡಲ್ ಕೋಲಿನಂಗ ಸೀದಾ. ಹಿಂದಿನ ಗಾಲಿಗೆ ಹಲ್ಲಿನ ಚಕ್ರ ಒಂದಲ್ಲ, ಸಣ್ಣದರ ಮ್ಯಾಲೆ ದೊಡ್ಡದು ಅಂತ ದೇವರ ಮನಿ ಪ್ರಭಾವಳಿ ಹಂಗ ಕುಂತಿದ್ದವು. ಪೆಡಲ್ ಹತ್ರನೂ ಹಂಗಽ. ಅದಕ್ಕ ಮೌಂಟನ್ ಬೈಕ್ ಅಂತಾರಂತ. ಇಡೀ ಬೆಳಗಾವ್ಯಾಗ ಅಂಥಾದ್ದು ಪೈಲೇ ಬಂದದ್ದು ನನ್ನ ಅಂಗಡಿಗೆ. ಈಗ ಯಾರರ ಇಲ್ಲ ಅಂದ್ರ ತೋರಸ್ರಿ.

ಖವಾದ ದೋಸ್ತನ ದಮ್ಮು ಅಷ್ಟರಾಗ ಭಾಳ ಆಗಿತ್ತು. ಕೆಂಪ ಸೈಕಲ್ ತಿರಗಿ ತಗೊಂಡು ಇದನ್ನ ಕೊಟ್ಟೆ. ಮರುದಿನ ಬಂದ. ಬುಟ್ಟಿ ವ್ಯಾಳ್ಯಾಕ್ಕ ಮುಟ್ಟೇತಿ, ಎದಿಯಾಗ ಪೀಪಿ ಸಪ್ಪಳ ಇಲ್ಲ. ಆದ್ರ ಮಾರಿ ಮಾತ್ರ ಸುಟ್ಟ ಬದನಿಕಾಯಿ.

"ಏರು ಹತ್ತಿತೇನೋ?"

"ಹತ್ತಿತು ಯಣ್ಣಾ. ಹತ್ತಿದ್ದ ಗೊತ್ತಽ ಆಗಲಿಲ್ಲ."

"ದಮ್ಮು?"

"ಬರಲಿಲ್ಲ."

"ಮತ್ತ್ಯಾಕ ಅಳೂ ಮಾರಿ?"

"ಕಾಲು ಬರೇ ಗರಗರ ತಿರಗತಾವು, ಸೈಕಲ್ ಆಮಿ ಹಂಗ ಹೋಗ್ತೈತಿ. ಕಟಗಿ ಹೊರಿ ಹೊತ್ತ ಹೆಂಗಸ್ರು ನನ್ನ ದಾಟಿ ಹ್ವಾದ್ರು. ಹಿಂದ ತಿರಗಿ ನೋಡಿ ನಕ್ಕರು. ಇದರಾಗ ಏನೋ ಮೋಸಾ ಐತಿ ಯಣ್ಣಾ. ಚೈನೂ ಸಡ್ಲ ಜೋತಾಡತೈತಿ."

ನಾ ಕುಂತು ನೋಡಿದೆ. ಖರೇ, ಮೋಸಾ ಇತ್ತು. ಇಷ್ಟೊಂದು ಹಲ್ಲಿನ ಚಕ್ರ ಯಾಕ ಬೇಕ್ರಿ? ಒಬ್ಬ ಗಂಡಗ ಆರು ಮಂದಿ ಹೆಂಡಂದ್ರು ಇದ್ದಂಗ, ಒಬ್ಬಾಕಿನೂ ದುಡಿಯೂದಿಲ್ಲ. ಹಿಂದಿನ ದೊಡ್ಡವೆಲ್ಲಾ ಬಿಚ್ಚಿ ಒಗದು, ತೂಕ ಕಡಿಮಿ ಇರ್ಲಿ ಅಂತ ಎಲ್ಲಾಕಿಂತ ಸಣ್ಣದೊಂದು ಇಟ್ಟೆ. ಮುಂದ ಮಾತ್ರ ಗಟ್ಟಿ ಇರ್ಲಿ ಅಂತ ಎಲ್ಲಾಕಿಂತ ದೊಡ್ಡದು ಇಟ್ಟೆ. ಚೈನ್ ಕತ್ತರಿಸಿ ಬಿಗಿ ಮಾಡಿದೆ. ಹಿಂದ ಕಬ್ಬಣದ ಕ್ಯಾರಿಯರ್, ದೊಡ್ಡ ಸ್ಟ್ಯಾಂಡು, ಎರಡು ಮಡ್‌ಗಾರ್ಡು, ಡೈನಮೋ ಹಚ್ಚಿದೆ. ಮಡ್‌ಗಾರ್ಡಿನ ಮ್ಯಾಲೆ ಅಂವನ ಹೆಸರು ಬರದೆ. ಈಗ ಸೈಕಲ್ ಸೈಕಲ್ಲಿನಂಗ ಕಾಣಾಕತ್ತಿತು. ಬಿಚ್ಚಿದ ಚಕ್ರದ ಮ್ಯಾಲೆ ನಮ್ಮನ್ಯಾಗ ಇವತ್ತಿಗೂ ಬಿಸಿ ಬೋಗಾಣಿ ಇಡ್ತಾರ.

ವಾರ ಬಿಟ್ಟು ಬಂದ. ಅಂಗಡಿ ಮುಂದ ನಿಂತು ಮಾತಾಡಾಕ ಆಗಲಿಲ್ಲ, ಎದಿ ಹಿಡಕೊಂಡು ಕುಂತ. ನೀರು ಕುಡಿಸಿದೆ.

"ಹೆಂಗೈತೋ ಈಗ?"

"ಈಗ ಖರೇ ಸೈಕಲ್ ಅನಸ್ತೈತಿ ಯಣ್ಣಾ" ಅಂದ. "ಪೈಲೇ ಹಂಗಽ ದಮ್ಮು ಬಂತು."

ಆ ಬ್ಯಾಸಗಿ ದಿನ

ಇದು ಕಡೀದು. ಕೇಳ್ರಿ.

ಆ ಬ್ಯಾಸಗ್ಯಾಗ ಎರಡು ಸಲ ಬುಟ್ಟಿ ತಡಾ ಆಗಿ ಖವಾ ಹುಳಿ ಹಿಡದಿತ್ತು. ಸಾವ್ಕಾರ ಕಡ್ಡಿ ಮುರದಂಗ ಹೇಳಿಬಿಟ್ಟಿದ್ದ: "ಇನ್ನೊಮ್ಮೆ ಕೆಟ್ಟು ಬಂತಂದ್ರ ನಾಳಿಂದ ಈ ಕಡೆ ಬರಬ್ಯಾಡ. ಖಾನಾಪುರದಿಂದ ಮೋಟಾರ್ ಸೈಕಲ್ ಮ್ಯಾಲೆ ತರಾಂವ ಒಬ್ಬ ಕಾದು ಕುಂತಾನ." ಆ ಬುಟ್ಟಿ ನಿಂತ್ರ ಆ ಮನಿ ಒಲಿ ನಿಂತಂಗ.

ಅವತ್ತ ನಾ ಜಾಂಬೋಟಿ ಕಡೆ ಹಳೇ ಸೈಕಲ್ ನೋಡಾಕ ಹೋಗಿದ್ದೆ. ನಡಕೋತ ಬರಾಕತ್ತಿದ್ದೆ, ಏರಿನ ನಡುವ ಒಂದು ಗಿಡದ ಬುಡಕ ಇಂವ ಕುಂತಾನ. ತುಟಿ ನೀಲಿ ಆಗ್ಯಾವು. ಸೈಕಲ್ ಅಡ್ಡ ಬಿದ್ದೈತಿ. ಬುಟ್ಟಿ ಮಾತ್ರ ತೊಡಿ ಮ್ಯಾಲೆ, ಕೂಸಿನಂಗ. ತನ್ನ ನೆರಳು ಅದರ ಮ್ಯಾಲೆ ಬೀಳೂ ಹಂಗ ಬಗ್ಗಿ ಕುಂತಿದ್ದ.

"ಯಣ್ಣಾ, ಇದೊಂದಿನ ಮುಟ್ಟಸು. ಇದೊಂದಿನ" ಅಂದ.

ನೀ ಚಿಂತಿ ಮಾಡಬ್ಯಾಡ, ನಾ ಯಾರಂತ ತಿಳದೀ ಅಂತ ಬುಟ್ಟಿ ಕಟ್ಟಿದೆ, ಹತ್ತಿದೆ. ಹೊಡದೆ ನೋಡ್ರಿ! ಹಿಂದಿನ ಗಾಳಿ ಹಿಂದಽ ಉಳೀತು. ಆದ್ರ ಕಿಣಯೆ ಹತ್ರ ಚೈನ್ ಕಡೀತು. ಕಡದದ್ದು ಛಲೋ ಆತು, ಯಾಕಂದ್ರ ಅಲ್ಲಿಂದ ದಬ್ಬಕೋತ ನಡದೆ. ಬಿಸಲು ನೆತ್ತಿಗೆ ಬಂತು. ಆ ದಪ್ಪ ಟಾಯರ್ ಡಾಂಬರಿಗೆ ಕಾದು ಹಂಚಿನಂಗ ಆದ್ವು. ಕ್ಯಾರಿಯರ್ ಕೆಂಪಗ ಕಾದಿತು. ಅದರ ಮ್ಯಾಲೆ ಬುಟ್ಟಿ. ರೋಡಿನ ತುಂಬ ತೆಗ್ಗು, ಒಂದೊಂದು ತೆಗ್ಗಿಗೂ ಒಳಗಿನ ಖವಾ ಸೌಟಿಲೆ ತಿರವಿಧಂಗ ತಾನಽ ತಿರವತಿತ್ತು. ಪೀರನವಾಡಿ ಬರೂದ್ರಾಗ ಘಮಾ ಅಂದ್ರ ಘಮಾ. ನಾಯಿ, ಮಂದಿ, ಸಾಲಿ ಹುಡುಗೂರು ಎಲ್ಲಾ ಹಿಂದ. ಬುಟ್ಟಿ ತಗದು ನೋಡ್ತೇನಿ, ಖವಾ ಇಲ್ಲ! ಕೆಂಪಗ, ಕಾಳ ಕಾಳ, ತುಪ್ಪಾ ಬಿಟಗೊಂಡು ಕುಂದಾ ಆಗಿ ಕುಂತೈತಿ!

ನಾ ಇನ್ನಷ್ಟು ಧ್ವನಿ ಏರಿಸಿದೆ.

ಸಾವ್ಕಾರ ಒಂದು ತುತ್ತು ಬಾಯಾಗ ಇಟಗೊಂಡ. ಕಣ್ಣಾಗ ನೀರು ಬಂತು ಅಂವಗ. "ಮೂರು ತಲಿಮಾರಿನಿಂದ ಕುಂದಾ ಮಾಡ್ತೇವಿ, ಇಂಥಾದ್ದು ನಮ್ಮ ಕಡಾಯಿಯಾಗ ಹುಟ್ಟಿಲ್ಲ" ಅಂದ. ನನ್ನ ಕಾಲು ಹಿಡಿಯಾಕ ಬಂದ, ನಾ ಬ್ಯಾಡಂದೆ. ಆದ್ರ ಇಂಥಾದ್ದು ತಿಂದ ಬಾಯಿಗೆ ಇನ್ನ ಬರೇ ಖವಾ ಹೆಂಗ ಸೇರ್ತೈತಿ ಹೇಳ್ರಿ? ಅದಕ್ಕಽ ಅಂವ, "ನಿಮ್ಮ ದೋಸ್ತಗ ಹೇಳ್ರಿ, ನಾಳಿಂದ ಖವಾ ತರೂದು ಬ್ಯಾಡ" ಅಂದ. ಸಿಟ್ಟಿಲೆ ಅಲ್ಲ ಮತ್ತ. ಮರ್ಯಾದಿಲೆ ಅಂದ. ನಿನ್ನ ಖವಾ ಭಾಳ ಮ್ಯಾಲಿನ ಮಟ್ಟಕ್ಕ ಹೋತೋ, ಅದಕ್ಕ ಸಾವ್ಕಾರ ಬ್ಯಾಡಂದ ಅಂತ ನಾನಽ ಹೋಗಿ ನಿಮ್ಮಪ್ಪಗ ಹೇಳಿದೆ. ಅಂವ ಕೇಳಿ, ಎಮ್ಮಿ ಮೈ ತಿಕ್ಕಕೋತ ಕುಂತ.

ಮುಗಿಸಿ ಎಲ್ಲಾರ ಮಾರಿ ನೋಡಿದೆ. ಮಗಳು ಚಾದ ತಾಟು ಕೆಳಗಿಟ್ಟು ನನ್ನ ಮುಂದ ಬಂದು ಕುಂತ್ಲು. ಹುಟ್ಟಿದಾಗಿನಿಂದ ಖವಾದ ಒಲಿ ಮುಂದ ಬೆಳದ ಹೆಣಮಗಳು.

"ಕಾಕಾ" ಅಂದ್ಲು ಸಾವಕಾಶ. "ಖವಾ ನಮ್ಮವ್ವ ಮಾಡಿ ಕಟ್ಟಿದ್ಲು, ಖರೇ. ಬಿಸಲು ಕಾಸಿತು, ತೆಗ್ಗು ತಿರವಿತು, ಅದೂ ಖರೇ ಅಂತ ತಿಳಿಯೂಣು. ಸಕ್ಕರಿ ಯಾರು ಹಾಕಿದ್ರು?"

ಯಾರೋ ಹಿಂದ ಕಿಸಕ್ ಅಂದ್ರು, ಇಡೀ ಪೆಂಡಾಲ್ ನಕ್ಕಿತು. ಅಕಿನೂ ಸೆರಗಿನ್ಯಾಗ ಮಾರಿ ಮುಚ್ಚಕೊಂಡು ನಗಾಕತ್ತಿದ್ಲು. ನಗಾಕತ್ತಿದ್ಲೋ ಅಳಾಕತ್ತಿದ್ಲೋ, ಬರೇ ಹೆಗಲ ಅಲಗ್ಯಾಡೂದು ಕಾಣತಿತ್ತು.

ನಾ ಭುಜಾ ಕುಣಿಸಿದೆ.

"ಅದೊಂದು ನನಗೂ ಇನ್ನ ತಿಳದಿಲ್ಲ ನೋಡು ತಂಗಿ" ಅಂದೆ.